ಎಚ್‌ಓಡಿ ಆದ ಮ್ಯಾಲ ಖರೇ ಟ್ರೇನಿಂಗ್ ಎಲ್ಲಿ ಆತು ಅಂದ್ರ

ಪುಣೆದಾಗ ಒಂದು ಸಿಬಿಎಸ್‌ಇ ಸಾಲಿಯೊಳಗ ಸೈನ್ಸ್ ಡಿಪಾರ್ಟ್‌ಮೆಂಟ್ ನೋಡ್ಕೋತೇನಿ. ಎಚ್‌ಓಡಿ, ಅಂದ್ರ ಡಿಪಾರ್ಟ್‌ಮೆಂಟಿನ ಮುಖ್ಯಸ್ಥೆ, ಮಾಡಿದ ಮ್ಯಾಲ ಲೀಡರ್‌ಶಿಪ್ ವರ್ಕ್‌ಶಾಪಿಗೆ ಕಳಿಸಿದ್ರು, ಟೀಮ್ ಬಿಲ್ಡಿಂಗ್, ಟೈಮ್ ಮ್ಯಾನೇಜ್‌ಮೆಂಟ್ ಅಂತ ಸ್ಲೈಡ್ ನೋಡಿ ಚಾ ಕುಡದು ಬಂದೆ. ನನಗಿಂತ ಭಾಳ ಸೀನಿಯರ್ ಇರೋ ಫಿಜಿಕ್ಸ್ ಸರ್ ಕ್ಲಾಸಿನ್ಯಾಗ ಹಿಂದ ಕೂತು, ಆಮ್ಯಾಲ ಅವರಿಗೆ ಏನ್ ಹೇಳಬೇಕು, ಹ್ಯಾಂಗ ಹೇಳಬೇಕು ಅನ್ನೋದು ಮಾತ್ರ ಯಾವ ಸ್ಲೈಡಿನ್ಯಾಗೂ ಇರಲಿಲ್ಲ.

2020ರ ಶಿಕ್ಷಣ ನೀತಿ ಬಂದ ಮ್ಯಾಲ ಟೀಚರ್ಸ್ ವರ್ಷಕ್ಕ 50 ತಾಸು ಟ್ರೇನಿಂಗ್ ಮಾಡಬೇಕಲ್ರಿ, ಸಿಬಿಎಸ್‌ಇದಾಗ ಅದರಾಗ 25 ತಾಸು ಸಾಲಿಯೊಳಗನ ಮಾಡಲಿಕ್ಕೆ ಬರ್ತದ. ನಮ್ಮಲ್ಲಿ ಅವು ಹೊರಗಿನವರ ಭಾಷಣದಾಗ ಮುಗೀತಿದ್ವು. ಪ್ರಿನ್ಸಿಪಾಲರನ್ನ ಕಾಡಿ ಬೇಡಿ ಸ್ವಲ್ಪ ತಾಸು ಡಿಪಾರ್ಟ್‌ಮೆಂಟಿಗೆ ಇಸ್ಕೊಂಡೆ.

ಮೊದಲ ಮಾಡಿದ್ದು ಮಾರ್ಕಿಂಗ್. ಹತ್ತನೇ ಕ್ಲಾಸಿನ ಹುಡುಗನೊಬ್ಬನ 3 ಮಾರ್ಕಿನ ಉತ್ತರ, ಕಾನ್ಕೇವ್ ಮಿರರ್‌ದು ರೇ ಡೈಗ್ರಾಮ್ (ಒಳಬಾಗಿದ ಕನ್ನಡಿಗೆ ಬಿದ್ದ ಬೆಳಕಿನ ಕಿರಣ ಹ್ಯಾಂಗ ಹೋಗ್ತಾವ ಅನ್ನೋ ಚಿತ್ರ), ಹೆಸರು ಮುಚ್ಚಿ ಝೆರಾಕ್ಸ್ ತೆಗೆದು ಎಲ್ಲಾರಿಗೂ ಕೊಟ್ಟು, ಒಬ್ಬರದೊಬ್ಬರು ನೋಡಲಾರದ ಮಾರ್ಕ್ ಹಾಕ್ರಿ ಅಂದೆ. ಒಬ್ಬರು ಪೂರಾ 3, ಇನ್ನೊಬ್ಬರು ಒಂದೂವರಿ! ಬಾಣದ ಗುರುತಿಲ್ಲ ಅಂದ್ರ ಅದು ಬರೇ ಗೆರಿ, ಕಿರಣ ಹ್ಯಾಂಗ ಆಗ್ತದ ಅಂತ ಫಿಜಿಕ್ಸ್ ಸರ್ ಮರಾಠಿಯೊಳಗ ಜಗಳಕ್ಕ ನಿಂತರು, ಬಯಾಲಜಿ ಮ್ಯಾಡಮ್ ಬಿಡ್ಲಿಲ್ಲ, ಇಮೇಜ್ ಸರಿಯಾದ ಜಾಗಾದಾಗ ಬಂದದ ಅಂದ್ರ ಹುಡುಗಗ ತಿಳದದ ಅಂತ. ಅಷ್ಟರಾಗ ಹೊಸಾ ಟೀಚರ್ ಒಬ್ಬಾಕಿ, ಸರ್ ನಾ ಬೋರ್ಡ್ ಮ್ಯಾಲ ಬಾಣ ಹಾಕೂದ ಇಲ್ಲ ಅಂದ್ಲು. ಯಾರೂ ಆಕಿಗೆ ತಪ್ಪು ಅಂತ ಹೇಳಬೇಕಾಗಲಿಲ್ಲ, ಮಾತು ತಾನ ಕಲಿಸೋದರ ಕಡೆ ಹೊರಳಿತು. ಇದು ಯಾವ ಫೀಡ್‌ಬ್ಯಾಕ್ ಫಾರ್ಮಿಗಿಂತ ಛಲೋ ಅಂತೇನಿ ನಾ.

ಕ್ಲಾಸ್ ನೋಡೋದಕ್ಕೂ ಮೊದಲ ನನ್ನ ಕ್ಲಾಸಿಗೇ ಕರದೆ, ಅದೂ ಗಲಾಟಿ ಇರೋ ಡಿವಿಜನ್ನಿಗೆ. ಫಿಜಿಕ್ಸ್ ಸರ್ ಬಂದು ಕೂತು, ಮ್ಯಾಡಮ್ ನೀವು ಪ್ರಶ್ನೆ ಕೇಳಿ ನೀವ ಉತ್ತರ ಹೇಳಿಬಿಡ್ತೀರಿ ಅಂದ್ರು. ಆಮ್ಯಾಲ ನಾ ಅವರ ಕ್ಲಾಸಿಗೆ ಹೋದಾಗ ಇರಸಮುರಸ ಆಗಲಿಲ್ಲ. ಒಂದ್ಸಲಕ್ಕ ಒಂದ ಮಾತು ಹೇಳೋದು, ಬರದದ್ದು ಅಪ್ರೇಸಲ್ ಫೈಲಿಗೆ (ಟೀಚರ್ ಕೆಲಸ ಅಳೆಯೋ ಫೈಲು) ಹೋಗಬಾರದು, ಇದನ್ನ ಪ್ರಿನ್ಸಿಪಾಲರ ಕಡೆ ಮೊದಲ ಒಪ್ಪಿಸಿಕೋರಿ, ಇಲ್ಲಾಂದ್ರ ಯಾರೂ ಬಾಗಿಲಾ ತೆಗಿಯಂಗಿಲ್ಲ.

ಪ್ರಾಕ್ಸಿ ಪಿರಿಯಡ್, ಅಂದ್ರ ರಜಾ ಹಾಕಿದವರ ಕ್ಲಾಸಿಗೆ ಹೋಗೋ ಕಾಟ, ಅಂತೂ ಇದ್ದದ್ದ. ಇದನ್ನೆಲ್ಲಾ ಜೂನ್ ಜುಲೈದಾಗ ಶುರು ಮಾಡ್ರಿ, ಫೆಬ್ರುವರಿಗೆ ಬೋರ್ಡ್ ಪರೀಕ್ಷಾ ಡ್ಯೂಟಿ ಹತ್ತಿತಂದ್ರ ಸ್ಟಾಫ್ ರೂಮಿನ್ಯಾಗ ಯಾರೂ ಸಿಗಂಗಿಲ್ಲ.