ಗೊಂಬೆ ನಿಲ್ಸೋಕೆ ದುಡ್ಡು ಸುರಿಬೇಡಿ, ಸೈಕಲ್ ಕಡ್ಡಿ ಸಿಂಬೆ ಪೈಪ್ ತುಂಡು ಸಾಕು

ದಸರಾಗೆ ಇನ್ನೊಂದು ತಿಂಗಳಿದೆ ಅನ್ನೋವಾಗ ನಮ್ಮನೇಲಿ ಅಟ್ಟದಿಂದ ಟ್ರಂಕ್ ಇಳಿಯತ್ತೆ, ಹಳೇ ಪಂಚೆ ತುಂಡು ಬಿಚ್ಕೊಂಡು ಗೊಂಬೆಗಳು ಒಂದೊಂದೇ ಹೊರಗೆ ಬರ್ತವೆ, ಆಗ ಶುರು ನೋಡಿ ಗೋಳು. ಇದು ನಿಲ್ಲಲ್ಲ, ಅದು ವಾಲತ್ತೆ, ಇನ್ನೊಂದರ ಪೀಠಾನೇ ಇಲ್ಲ. ಎರಡು ವರ್ಷದ ಹಿಂದೆ ಪಟ್ಟದ ರಾಣಿ ಮೇಲಿನ ಮೆಟ್ಟಿಲಿಂದ ಮುಗ್ಗರಿಸಿ ದಶಾವತಾರದ ಸೆಟ್ ಮೇಲೆ ಬಿದ್ಲು, ವಾಮನನ ಕೊಡೆ ಹೋಯ್ತು, ಮತ್ಸ್ಯನ ಬಾಲ ಇವತ್ತಿಗೂ ಫೆವಿಕ್ವಿಕ್ ಮೇಲೇ ನಿಂತಿದೆ. ರಾಣಿಗೆ ಮಾತ್ರ ಏನೂ ಆಗ್ಲಿಲ್ಲ ಬಿಡಿ, ಮರದೋಳು.

ಆನ್‌ಲೈನಲ್ಲಿ ಗೊಂಬೆ ಸ್ಟ್ಯಾಂಡ್ ಸಿಗತ್ತೆ, ಸಿಗಲ್ಲ ಅಂತಲ್ಲ. ಆದ್ರೆ ನಲವತ್ತು ಗೊಂಬೆಗೆ ನಲವತ್ತು ಸ್ಟ್ಯಾಂಡ್ ಅಂತ ಲೆಕ್ಕ ಹಾಕಿದ್ರೆ ಆ ದುಡ್ಡಲ್ಲಿ ಇನ್ನೊಂದು ಸೆಟ್ ಗೊಂಬೇನೇ ತರಬೋದು. ಅದಕ್ಕೆ ನಾನು ಕೊಳ್ಳೋದು ಬಿಟ್ಟು ಮಾಡ್ಕೊಳೋಕೆ ಶುರು ಮಾಡಿದ್ದು.

ಮೊದಲು ಗೊಂಬೇನ ತಲೆಕೆಳಗೆ ಮಾಡಿ ತಳ ನೋಡಿ. ಎಲ್ಲದಕ್ಕೂ ಸ್ಟ್ಯಾಂಡ್ ಬೇಕಾಗಲ್ಲ. ಚನ್ನಪಟ್ಟಣದ್ದು ಲೇತಲ್ಲಿ ಕಡೆದ ಗೊಂಬೆ, ಆಲೆ ಮರದ್ದು, ಅರಗಿನ ಬಣ್ಣದ್ದು, ಜಾಸ್ತಿ ಎಲ್ಲಾ ತಳ ಚಪ್ಪಟೆ ಇರತ್ತೆ, ಇಟ್ರೆ ನಿಲ್ಲತ್ತೆ. ತಂಜಾವೂರಿನ ತಲೆ ಆಡ್ಸೋ ಗೊಂಬೆ ಇದ್ಯಲ್ಲ, ಉಂಡೆ ತಳದ್ದು, ಅದರ ತಳದಲ್ಲೇ ಭಾರ ಇರತ್ತೆ, ತಳ್ಳಿದ್ರೂ ವಾಪಸ್ ಎದ್ದು ನಿಲ್ಲತ್ತೆ. ಅದನ್ನ ಕಟ್ಟಿಹಾಕಿದ್ರೆ ಮಜಾನೇ ಹೋಯ್ತು, ಸುಮ್ನೆ ಅಂಚಿಂದ ಹಿಂದಕ್ಕೆ ಒಂದು ಅಗಲದ ತಟ್ಟೇಲಿ ಬಿಡಿ. ಕಷ್ಟ ಇರೋದು ಎರಡೇ ಜಾತಿಗೆ. ತಳ ಅಂಕುಡೊಂಕಾಗಿರೋ ಮಣ್ಣಿನ ಗೊಂಬೆ, ಆಮೇಲೆ ಬರೀ ಎರಡು ಕಾಲ ಮೇಲೆ ನಿಲ್ಬೇಕಾಗಿರೋ ಉದ್ದದ ಗೊಂಬೆ.

ಮಣ್ಣಿನ ಗೊಂಬೆಗೆ ಸಿಂಬೆ. ಅಜ್ಜಿ ಕಾಲದಲ್ಲಿ ಕೊಡ ಇಡೋಕೆ ಮಾಡ್ತಿದ್ರಲ್ಲ, ಅದೇ. ಹಳೇ ಕಾಲುಚೀಲ ತಗೊಳಿ, ಪಾದದ ಭಾಗ ಕತ್ತರಿಸಿ ಹಾಕಿ, ಉಳಿದ ಕೊಳವೆಗೆ ಒಣಗಿದ ಜರಡಿ ಹಿಡಿದ ಮರಳು ತುಂಬಿ, ಪೂರ್ತಿ ಬಿಗಿಯಾಗಿ ಬೇಡ ಮುಕ್ಕಾಲು ಸಾಕು, ಎರಡೂ ತುದಿ ಸೇರಿಸಿ ಹೊಲೀರಿ, ಬಳೆ ತರ ಆಗತ್ತೆ. ಗೊಂಬೆ ಅದರ ಮೇಲಿಟ್ಟು ಸ್ವಲ್ಪ ತಿರುಗಿಸಿ ಒತ್ತಿದ್ರೆ ಮರಳು ಸರಿದು ತಳದ ಆಕಾರಾನೇ ತಗೊಳ್ಳತ್ತೆ. ಮೇಲೊಂದು ಖಣದ ತುಂಡು ಸುತ್ತಿದ್ರೆ ಪೀಠದ ತರಾನೇ ಕಾಣತ್ತೆ. ಮೊದಲ ಸಲ ನಾನು ಮರಳು ಯಾಕೆ ಹುಡುಕೋದು ಅಂತ ಅಕ್ಕಿ ತುಂಬಿದ್ದೆ, ಮುಂದಿನ ವರ್ಷ ತೆಗೆದಾಗ ಟ್ರಂಕ್ ತುಂಬಾ ಹುಳ, ಅಮ್ಮನ ಹತ್ರ ಬೈಸ್ಕೊಂಡಿದ್ದು ಬೇರೆ.

ಈಗ ಮುಖ್ಯವಾದ್ದು, ಕಾಲ ಮೇಲೆ ನಿಲ್ಲೋ ಗೊಂಬೆ. ಪಟ್ಟದ ಗೊಂಬೆ ಜೋಡಿ, ಅದೇ ರಾಜ ರಾಣಿ, ಮದುವೇಲಿ ಹೆಣ್ಣಿಗೆ ಕೊಟ್ಟು ಕಳಿಸ್ತಿದ್ದ ರಕ್ತಚಂದನದ್ದು, ಹಳೇದಾದ್ರೆ ಪೀಠ ಸವೆದು ವಾಲ್ತವೆ. ಬಾರ್ಬಿ ಅಂತೂ ಹುಟ್ಟಿನಿಂದಾನೇ ನಿಲ್ಲಲ್ಲ, ಹೈಹೀಲ್ಸ್ ಹಾಕೋಕೆ ಅಂತ ಎಷ್ಟೋ ಬಾರ್ಬಿಗಳ ಪಾದಾನೇ ತುದಿಗಾಲಲ್ಲಿ ಮಾಡಿರ್ತಾರೆ. ನಮ್ಮಕ್ಕನ ಮಗಳು ಅವಳ ಬಾರ್ಬಿಗಳಿಗೆಲ್ಲ ಸೀರೆ ಉಡಿಸಿ ಮದುವೆ ದಿಬ್ಬಣ ಅಂತ ಮೂರನೇ ಮೆಟ್ಟಿಲಲ್ಲಿ ಕೂರಿಸ್ತಾಳೆ, ಹಾಗಾಗಿ ಎರಡಕ್ಕೂ ಒಂದೇ ಸ್ಟ್ಯಾಂಡ್ ಕಂಡು ಹಿಡಿಬೇಕಾಯ್ತು.

ಸೈಕಲ್ ಶಾಪಿಗೆ ಹೋಗಿ ದೊಡ್ಡ ಚಕ್ರದ ಕಡ್ಡಿ, ಅದರ ನಿಪ್ಪಲ್ (ಕಡ್ಡೀನ ರಿಮ್ಮಿಗೆ ಬಿಗಿಯೋ ಸಣ್ಣ ನಟ್ಟು) ಸಮೇತ ಕೇಳಿ, ಹಳೇದಾದ್ರೆ ಎಷ್ಟೋ ಸಲ ಸುಮ್ನೇನೇ ಕೊಡ್ತಾರೆ. ಹತ್ತತ್ರ ಒಂದಡಿ ಉದ್ದ ಇರತ್ತೆ, 2 ಮಿಲಿಮೀಟರ್ ದಪ್ಪ, ಬಾರ್ಬಿಗೆ ಸರಿಹೋಗತ್ತೆ, ಅವಳು ಇರೋದೇ ಹನ್ನೊಂದೂವರೆ ಇಂಚು. ಪೀಠಕ್ಕೆ ಮರಗೆಲಸದೋರ ಹತ್ರ ಬಿದ್ದಿರೋ ಪ್ಲೈವುಡ್ ಚೂರು, ಅರ್ಧ ಇಂಚು ದಪ್ಪದ್ದು. ಎಷ್ಟು ಅಗಲ ಅಂದ್ರೆ ನಾನು ಗೊಂಬೆ ಎತ್ತರದ ಮೂರರಲ್ಲಿ ಒಂದು ಭಾಗ ಅಂತ ಇಟ್ಕೊಂಡಿದೀನಿ, ಒಂದಡಿ ಗೊಂಬೆಗೆ 4 ಇಂಚು. ಜರಿ ಸೀರೆ ಒಡವೆ ಎಲ್ಲಾ ಹಾಕಿ ಮೇಲೆ ಭಾರ ಆದ್ರೆ ಇನ್ನೊಂದು ಇಂಚು ಸೇರಿಸಿ.

ಪೀಠದ ನಟ್ಟನಡುವೆ ತೂತು ಮಾಡ್ಬೇಡಿ, ಎಲ್ಲರೂ ಮಾಡೋ ತಪ್ಪು ಇದೇನೇ. ಕಡ್ಡಿ ಗೊಂಬೆ ಬೆನ್ನ ಹಿಂದೆ ಬರತ್ತೆ, ಗೊಂಬೆ ಮುಂದೆ ನಿಲ್ಲತ್ತೆ, ಭಾರ ಎಲ್ಲಾ ಮುಂದಕ್ಕೆ ಹೋಗಿ ಸ್ಟ್ಯಾಂಡ್ ಸಮೇತ ಮುಗ್ಗರಿಸತ್ತೆ. ಗೊಂಬೆ ಪಾದ ನಡುವೆ ಬರೋ ತರ ಇಟ್ಟು ನೋಡಿ, ಅದರ ಹಿಂದೆ ಗುರುತು ಮಾಡಿ ತೂತು ಹಾಕಿ. ನಿಪ್ಪಲ್‌ನ ಕೆಳಗಿಂದ ತೂರಿಸಿ, ಮೇಲಿಂದ ಕಡ್ಡಿಯ ಮರೆ (ಥ್ರೆಡ್) ಇರೋ ತುದೀನ ಅದಕ್ಕೆ ತಿರುಗಿಸಿ ಬಿಗಿ ಮಾಡಿ, ಬುಡಕ್ಕೆ ಒಂಚೂರು ಎಂ-ಸೀಲ್ ಮೆತ್ತಿ, ಮಾರನೇ ದಿನದವರೆಗೂ ಮುಟ್ಬೇಡಿ (ನಾನು ಪ್ರತಿ ಸಲ ಮುಟ್ತೀನಿ, ಪ್ರತಿ ಸಲ ವಾಲತ್ತೆ). ತಳದಲ್ಲಿ ನಿಪ್ಪಲ್ ತಲೆ ಸ್ವಲ್ಪ ಎದ್ದಿರತ್ತಲ್ಲ, ನಾಲ್ಕು ಮೂಲೆಗೆ ಕುರ್ಚಿ ಕಾಲಿಗೆ ಅಂಟಿಸೋ ಫೆಲ್ಟ್ ಬಿಲ್ಲೆ ಹಾಕಿದ್ರೆ ಸರಿ.

ಆಮೇಲೆ ಗೊಂಬೆ ಸೊಂಟದ ಎತ್ತರ ಅಳೆದು, ಅಲ್ಲಿಂದ ಮೇಲಿನ ಕಡ್ಡೀನ ಕಟಿಂಗ್ ಪ್ಲೇಯರಲ್ಲಿ ಅಡ್ಡ ಬಗ್ಗಿಸಿ, ಸೊಂಟ ಮುಕ್ಕಾಲು ಭಾಗ ತಬ್ಬೋ ಹಾಗೆ ಕೊಕ್ಕೆ ಮಾಡಿ. ಗಟ್ಟಿ ಉಕ್ಕು, ಒಂದೇ ಸಲ ಬಗ್ಗಲ್ಲ, ಒಂದು ಮಾರ್ಕರ್ ಪೆನ್ ದಪ್ಪದ ಕಬ್ಬಿಣದ ಸರಳಿಗೆ ಸುತ್ತಿಸಿ ಸ್ವಲ್ಪ ಸ್ವಲ್ಪಾನೇ ಬಗ್ಗಿಸಿ, ಉಳಿದಿದ್ದು ಕತ್ತರಿಸಿ ತುದಿ ಉಜ್ಜಿ. ಕೊಕ್ಕೆ ಸೀರೆ ಒಳಗೆ ನೆರಿಗೆ ಹತ್ರ ಹೋಗ್ಬಿಡತ್ತೆ, ಕಡ್ಡಿ ಸೆರಗಿನ ಹಿಂದೆ. ಮುಂದಿಂದ ನೋಡಿದೋರಿಗೆ ಏನೂ ಕಾಣಲ್ಲ.

ಬರೀ ಕಡ್ಡಿ ಮಾತ್ರ ಗೊಂಬೆಗೆ ತಾಗಿಸ್ಬೇಡಿ. ಗಾಯಕ್ಕೆ ಸುತ್ತೋ ಹತ್ತಿ ಬ್ಯಾಂಡೇಜ್ ಬಟ್ಟೆ ಕೊಕ್ಕೆಗೆ ಸುತ್ತಿ, ದಾರದಲ್ಲಿ ಬಿಗಿರಿ. ಹಳೇ ಬಾರ್ಬಿಗಳಲ್ಲಿ ಲೋಹದ ಓಲೆ ಹಾಕಿದ್ದ ಕಿವಿ ಸುತ್ತ ಹಸಿರು ಕಲೆ ಆಗಿರತ್ತೆ, ಸಂಗ್ರಹ ಮಾಡೋರೆಲ್ಲ ಅದಕ್ಕೆ ಹೆದರ್ತಾರೆ, ಒಂದ್ಸಲ ಒಳಗಿಳಿದ್ರೆ ಹೋಗೋದು ಕಷ್ಟ. ತಾಮ್ರದ ತಂತಿ ಅಂತೂ ಬೇಡವೇ ಬೇಡ. ರಬ್ಬರ್ ಬ್ಯಾಂಡೂ ಬೇಡ, ನಮ್ಮ ಸೆಕೆಗೆ ಕರಗಿ ಮೈಗೇ ಅಂಟ್ಕೊಂಡುಬಿಡತ್ತೆ.

ಕಿನ್ನಾಳದ ಗೊಂಬೆ ಇರೋರು ಇನ್ನೂ ಹುಷಾರಾಗಿರಿ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಹಾಕಿ ಪದರ ಕಟ್ಟಿ ಆಮೇಲೆ ಬಣ್ಣ ಕೊಟ್ಟಿರ್ತಾರೆ, ಕೊಕ್ಕೆ ಒತ್ತಿದ ಕಡೆ ಚಕ್ಕೆ ಏಳತ್ತೆ. ಅಂಟು ಉಂಡೆ ಇಟ್ಟು ಕೂರಿಸೋಣ ಅಂದ್ರೆ ತೆಗೆಯೋವಾಗ ಬಣ್ಣಾನೂ ಅದರ ಜೊತೆ ಬರತ್ತೆ. ಅವಕ್ಕೆ ಕಡ್ಡಿ, ಅಂಟು ಎರಡೂ ಬಿಟ್ಟು, ಒಂದು ಹಲಗೆ ಮೇಲೆ ಹಿಂದೆ ಮುಂದೆ ಸಣ್ಣ ಬೀಡಿಂಗ್ (ತೆಳು ಮರದ) ಪಟ್ಟಿ ಹೊಡೆದು ನಡುವೆ ಪೀಠ ಕೂರಿಸಿ. ನಮ್ಮನೆ ದಶಾವತಾರ ಈಗ ಹತ್ತೂ ಒಂದೇ ಹಲಗೇಲಿ ನಿಂತಿವೆ, ವಾಮನ ಕೊಡೆ ಇಲ್ದೇನೇ.

ಗಿಡ್ಡ ಗೊಂಬೆ ಹಿಂದಿನ ಸಾಲಲ್ಲಿ ಮುಚ್ಚಿಹೋಗತ್ತೆ, ಅದಕ್ಕೆ ಪ್ಲಂಬರ್ ಹತ್ರ ಉಳಿದ 4 ಇಂಚಿನ ಪಿವಿಸಿ ಪೈಪ್ ತುಂಡು ಕೇಳಿ 2, 3, 4 ಇಂಚು ಎತ್ತರಕ್ಕೆ ಕತ್ತರಿಸಿ. ನೇರ ಕತ್ತರಿಸೋಕೆ ಒಂದು ಉಪಾಯ ಇದೆ, ಪೇಪರ್ ಪಟ್ಟಿ ಪೈಪಿಗೆ ಸುತ್ತಿ ಅಂಚಿಗೆ ಅಂಚು ಕೂಡಿಸಿ, ಆ ಗೆರೆ ಮೇಲೇ ಗರಗಸ ಓಡಿಸಿ. ಮೇಲೊಂದು ಹಳೇ ಸಿಡಿ ಅಂಟಿಸಿ ರವಿಕೆ ಬಟ್ಟೆ ಹೊದಿಸಿದ್ರೆ ಮುಗೀತು. ಒಳಗೆ ಒಂದು ಕಲ್ಲು ಇಟ್ರೆ ಅಲ್ಲಾಡಲ್ಲ.

ಥರ್ಮಾಕೋಲ್ ಬಗ್ಗೆ ಕೇಳ್ಬೇಡಿ. ಹಗುರ, ತಳ್ಳಿದ್ರೆ ಜಾರತ್ತೆ. ನಾನೊಮ್ಮೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದೆ ನೋಡಿ, ಕಣ್ಣೆದುರಿಗೇ ಕರಗಿ ಇಡ್ಲಿಗೆ ತೂತು ಬಿದ್ದ ಹಾಗಾಯ್ತು. ಬೇಕೇ ಬೇಕು ಅಂದ್ರೆ ನೀರಲ್ಲಿ ಕಲಸೋ ಬಣ್ಣ, ಬಿಳಿ ಫೆವಿಕಾಲ್ ಅಷ್ಟೇ.

ಮೆಟ್ಟಿಲಿಗೆ ಅಂತ ಬೇರೆ ಖರ್ಚು ಮಾಡ್ಬೇಡಿ, ಟ್ರಂಕು, ಸ್ಟೂಲು, ಹಳೇ ಪುಸ್ತಕದ ಕಟ್ಟು, ಮೇಲೆ ಬಿಳಿ ಪಂಚೆ. 3, 5, 7 ಹೀಗೆ ಬೆಸ ಲೆಕ್ಕ ಬಂದ್ರಾಯ್ತು. ಬಟ್ಟೆ ಮಾತ್ರ ಹಿಂದೆ ಪಿನ್ ಹಾಕಿ ಬಿಗೀರಿ, ಯಾರಾದ್ರೂ ಮಗು ಮುಂದಿನ ಅಂಚು ಎಳೆದ್ರೆ ಇಡೀ ಆಸ್ಥಾನ ಕೆಳಗೆ ಬರತ್ತೆ.

ವಿಜಯದಶಮಿ ರಾತ್ರಿ ಗೊಂಬೆ ಮಲಗಿಸಿ ಮಾರನೇ ದಿನ ಎತ್ತಿಡೋವಾಗ ಪ್ರತಿ ಸ್ಟ್ಯಾಂಡ್ ತಳದಲ್ಲೂ ಅದು ಯಾವ ಗೊಂಬೇದು ಅಂತ ಪೆನ್ಸಿಲ್ಲಲ್ಲಿ ಬರೆದಿಡಿ. ಕೊಕ್ಕೆ ಒಂದೊಂದು ಸೊಂಟಕ್ಕೂ ಬೇರೆ ಬೇರೆ ಇರತ್ತೆ. ಹೋದ ವರ್ಷ ನಾನು ಬರೆದಿಟ್ಟಿರ್ಲಿಲ್ಲ, ಒಂಬತ್ತು ದಿನಾನೂ ರಾಜ, ರಾಣಿಯ ಸ್ಟ್ಯಾಂಡಲ್ಲಿ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದ.