ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ: ಚೇತರಿಕೆಯ ವಾರಗಳನ್ನು ನಿಭಾಯಿಸುವುದು ಹೇಗೆ?

ಥರ್ಮಾಮೀಟರ್ 98.4 ತೋರಿಸಿದ ದಿನ ಮನೆಮಂದಿಯೆಲ್ಲ ನಿರಾಳ. ಮೈಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರುವುದಿಲ್ಲ. ಬಟ್ಟೆ ಒಣಹಾಕಲು ಕೈಯೆತ್ತಿದರೆ ತೋಳು ಸೋಲುತ್ತದೆ, ನಾಲ್ಕು ಮೆಟ್ಟಿಲಿಗೆ ಎದೆ ಡವಗುಟ್ಟುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ವೈರಸ್ ಹೋದ ಮೇಲೂ ಉರಿಯೂತ ಇಳಿಯಲು ಸಮಯ ಬೇಕು. ಹಾಸಿಗೆ ಹಿಡಿದಾಗ ಕರಗಿದ ಸ್ನಾಯು ಮತ್ತೆ ತುಂಬಿಕೊಳ್ಳಬೇಕು. ಹೆಚ್ಚಿನವರಿಗೆ ಇದು ಕೆಲವು ವಾರಗಳ ಮಾತು.

ಯಾವ ಜ್ವರ ಎಂದು ತಿಳಿದುಕೊಳ್ಳಿ

ಎಲ್ಲ ಜ್ವರದ ನಂತರದ ದಿನಗಳೂ ಒಂದೇ ಥರ ಇರುವುದಿಲ್ಲ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ಆಗಿನ 24ರಿಂದ 48 ಗಂಟೆಗಳಲ್ಲಿ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಮಂಕು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚಿಕೂನ್‌ಗುನ್ಯದ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಗ್ರಂಥಿ ಜ್ವರದಲ್ಲಿ ಹೊಟ್ಟೆಯ ಎಡ ಮೇಲ್ಭಾಗದ ಗುಲ್ಮ (ಸ್ಪ್ಲೀನ್) ಊದಿಕೊಂಡಿರುತ್ತದೆ. ಹೊಟ್ಟೆಗೆ ಪೆಟ್ಟು ಬಿದ್ದರೆ ಒಡೆಯುವ ಭಯವಿರುವುದರಿಂದ ಕನಿಷ್ಠ ಮೂರು ವಾರ ಮೈಗೆ ಮೈ ತಾಗುವ ಆಟ ಬೇಡ.

ಒಂದು ನೋಟ್‌ಬುಕ್ ಇಡಿ

ಒಮ್ಮೆ ಫ್ಲೂ ಬಿಟ್ಟ ಆರನೇ ದಿನ, ಮೈ ಹಗುರಾಗಿದೆ ಎಂದುಕೊಂಡು ನಾನು ಪುಸ್ತಕದ ಕಪಾಟು ಪೂರ್ತಿ ಇಳಿಸಿ ಒರೆಸಿಟ್ಟೆ. ಅವತ್ತು ಏನೂ ಆಗಲಿಲ್ಲ. ಮರುದಿನವೂ ಪರವಾಗಿಲ್ಲ. ಅದರ ಮಾರನೆಯ ಬೆಳಿಗ್ಗೆ ಹಲ್ಲುಜ್ಜಲು ಹೋದವಳು ವಾಷ್‌ಬೇಸಿನ್ ಹಿಡಿದುಕೊಂಡು ನಿಂತುಬಿಟ್ಟೆ, ಬ್ರಷ್ ಹಿಡಿದ ಕೈ ಮೇಲೇಳಲಿಲ್ಲ.

ಶ್ರಮದ ಬಡ್ಡಿ ಹೀಗೆ ತಡವಾಗಿ ವಸೂಲಾಗುತ್ತದೆ, ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು. ಆದ್ದರಿಂದ ನೋಟ್‌ಬುಕ್ಕಿನ ಎಡಕ್ಕೆ ಇವತ್ತು ಮಾಡಿದ್ದನ್ನು ಬರೆಯಿರಿ, ಬಲಕ್ಕೆ ಎರಡು ದಿನದ ಜಾಗ ಖಾಲಿ ಬಿಡಿ. 'ಸೋಮವಾರ: ಹದಿನೈದು ನಿಮಿಷ ನಡಿಗೆ, ಅರ್ಧ ಗಂಟೆ ಫೋನು.' ಬುಧವಾರ ಅದರ ಪಕ್ಕ ಮೈ ಹೇಗಿದೆ ಎಂದು ತುಂಬಿಸಿ. ಫೋನ್ ಮಾತು, ಲೆಕ್ಕಪತ್ರ, ಜಗಳ ಎಲ್ಲವೂ ಶ್ರಮವೇ, ಬಿಡದೆ ಬರೆಯಿರಿ. ವಾರದೊಳಗೆ ನಿಮ್ಮ ಮಿತಿ ಎಲ್ಲಿದೆ ಎಂದು ಸುಮಾರಾಗಿ ಗೊತ್ತಾಗುತ್ತದೆ.

ಮಿತಿಯ ಒಳಗೇ ಉಳಿಯಿರಿ

ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರಬೇಕು. ಸ್ನಾನಕ್ಕೆ ಸ್ಟೂಲ್ ಹಾಕಿಕೊಳ್ಳಿ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಕುಳಿತೇ ಆಗಲಿ. ದೊಡ್ಡ ಕೆಲಸ ಎರಡಿದ್ದರೆ ಒಂದನ್ನು ನಾಳೆಗೆ ತಳ್ಳಿ. ಎರಡು ದಿನ ಬಿಟ್ಟು ನೋಡಿದರೂ ಬಲಗಡೆ 'ಪರವಾಗಿಲ್ಲ' ಎಂದೇ ಇದ್ದರೆ ನಡಿಗೆಯನ್ನು ಐದು ನಿಮಿಷ ಹೆಚ್ಚಿಸಿ. ಪ್ರತಿ ಸಲ ಕುಸಿಯುತ್ತಿದ್ದೀರಾದರೆ ಹೆಚ್ಚಿಸಲೇಬೇಡಿ, ಇನ್ನೂ ಕಡಿಮೆ ಮಾಡಿ. 'ಸ್ವಲ್ಪ ಓಡಾಡಿದರೆ ಸರಿಹೋಗುತ್ತೆ' ಎಂಬ ಬಂಧುಗಳ ಸಲಹೆ ಇಂಥವರ ಮಟ್ಟಿಗೆ ತಿರುಗುಬಾಣ. ಜಿಮ್ಮು, ಓಟ ಇವೆಲ್ಲ ಕೊನೆಗೆ.

ಉಸಿರು, ಕೆಮ್ಮು, ವಾಸನೆ

ಏದುಸಿರು ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಮೂಗಿನಿಂದ ಉಸಿರೆಳೆದುಕೊಂಡು, ಸೀಟಿ ಹೊಡೆಯುವಂತೆ ತುಟಿ ಚೂಪು ಮಾಡಿ, ಎಳೆದುಕೊಂಡದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಿ.

ಸೋಂಕಿನ ನಂತರದ ಒಣಕೆಮ್ಮು 3ರಿಂದ 8 ವಾರ ಇರುವುದುಂಟು. ಇದಕ್ಕೆ ಹಳೆಯ ಚೀಟಿ ಹಿಡಿದು ಆಂಟಿಬಯಾಟಿಕ್ ತಂದು ನುಂಗಬೇಡಿ. ಅದು ಬ್ಯಾಕ್ಟೀರಿಯಾಕ್ಕೆ ಮದ್ದು, ವೈರಸ್‌ಗಲ್ಲ. ಎಂಟು ವಾರ ದಾಟಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ತೋರಿಸಲೇಬೇಕು.

ವಾಸನೆ ಹೋಗಿದ್ದರೆ ಮೂಗಿಗೆ ತಾಲೀಮು ಕೊಡಬಹುದು. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ಪರಿಮಳಗಳನ್ನು ಬಳಸಿದ್ದರು. ದಿನಕ್ಕೆ ಎರಡು ಸಲ ಒಂದೊಂದನ್ನೂ ಸುಮಾರು 20 ಸೆಕೆಂಡು, ಅದರ ಪರಿಮಳ ನೆನಪಿಸಿಕೊಳ್ಳುತ್ತ ಮೂಸಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಹೆಚ್ಚಿನವರು ಎರಡನೇ ವಾರಕ್ಕೇ ಬೇಸತ್ತು ಬಿಡುತ್ತಾರೇನೋ. ಬಾಟಲಿಗಳನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟರೆ ಮರೆಯುವುದಿಲ್ಲ. ಗ್ಯಾಸ್ ಸೋರಿದರೂ ವಾಸನೆ ಗೊತ್ತಾಗದ ಕಾಲವಿದು, ಒಲೆಯ ಬಳಿ ಇನ್ನೊಬ್ಬರ ಮೂಗು ಇರಲಿ.

ಜ್ವರ ಬಿಟ್ಟು ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬಂದರೆ ಹೆದರಬೇಡಿ. ಜ್ವರದ ಹೊಡೆತಕ್ಕೆ ಒಟ್ಟಿಗೆ ವಿಶ್ರಾಂತಿಗೆ ಜಾರಿದ ಕೂದಲು ಈಗ ಉದುರುತ್ತಿದೆ. ಬೇರು ಸತ್ತಿರುವುದಿಲ್ಲ, ಮತ್ತೆ ಬೆಳೆಯುತ್ತದೆ.

ವೈದ್ಯರ ಬಳಿ ಯಾವಾಗ?

ಎದೆನೋವು, ಸುಮ್ಮನೆ ಕುಳಿತಾಗಲೂ ಏದುಸಿರು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಒಂದೇ ಕಾಲು ಊದುವುದು: ಇವುಗಳಲ್ಲಿ ಯಾವುದಿದ್ದರೂ ಅಂದೇ, ಆಗಲೇ ಹೋಗಿ. ಬಿಟ್ಟ ಜ್ವರ ಕೆಲ ದಿನಗಳಲ್ಲಿ ತಿರುಗಿ ಬಂದರೂ ಕಾಯಬೇಡಿ, ನ್ಯುಮೋನಿಯಾ ಆಗಿರಬಹುದು.

ತುರ್ತಿಲ್ಲದಿದ್ದರೂ ವಾರಗಳು ಕಳೆದಂತೆ ಸುಸ್ತು ಇಳಿಯದಿದ್ದರೆ ತೋರಿಸಿಕೊಳ್ಳಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಯೂ ಹೀಗೇ ಸುಸ್ತು ತರುತ್ತವೆ. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟಲಾಗದು. ಕೋವಿಡ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ಸಾಮಾನ್ಯವಾಗಿ ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಕಾಡಿದ, ಬೇರೆ ಕಾರಣ ಸಿಗದ ಲಕ್ಷಣಗಳನ್ನು ಕೋವಿಡೋತ್ತರ ಸ್ಥಿತಿ ಎನ್ನುತ್ತಾರೆ.

ಹೋಗುವಾಗ ನೋಟ್‌ಬುಕ್ ಮರೆಯಬೇಡಿ. 'ಡಾಕ್ಟ್ರೇ, ಸುಸ್ತು' ಎಂದರೆ ಅವರಿಗೂ ಹೆಚ್ಚೇನೂ ತಿಳಿಯದು. 'ಹತ್ತು ನಿಮಿಷ ನಡೆದರೆ ಮೂರನೇ ದಿನ ಮಧ್ಯಾಹ್ನದವರೆಗೆ ಏಳೋಕಾಗಲ್ಲ, ನೋಡಿ ಇಲ್ಲಿದೆ' ಎಂದು ಪುಟ ತೆರೆದು ತೋರಿಸಿ.