ಕಾಟೇಜ್ ಶೈಲಿಯ ಮಲಗುವ ಕೋಣೆ: ಮೊದಲು ಬಟ್ಟೆ, ಆಮೇಲೆ ಬಣ್ಣ

ಕಾಟೇಜ್ ಶೈಲಿ ಎಂದರೆ ಹಳ್ಳಿಮನೆಯ ಹಾಗೆ ಹೂವು, ಪಟ್ಟೆ, ಚೌಕಳಿಯ ಬಟ್ಟೆಗಳಿಂದ ಸಿಂಗರಿಸುವುದು. ಇದಕ್ಕೆ ಗೋಡೆಗೆ ಬಣ್ಣ ಬಳಿದು, ಆಮೇಲೆ ಅದಕ್ಕೆ ಹೊಂದುವ ಬಟ್ಟೆ ಹುಡುಕಿಕೊಂಡು ಹೊರಡುವವರೇ ಹೆಚ್ಚು. ಕಷ್ಟ ಶುರುವಾಗುವುದು ಅಲ್ಲೇ. ಪೇಂಟನ್ನು ಬೇಕಾದ ಛಾಯೆಗೆ ಬೆರೆಸಿ ಕೊಡುತ್ತಾರೆ, ಮನಸ್ಸಿಗೆ ಹಿಡಿಸುವ ಹೂವಿನ ಬಟ್ಟೆಯನ್ನು ಹಾಗೆ ಬೆರೆಸಿ ಕೊಡುವವರಿಲ್ಲ. ಆದ್ದರಿಂದ ನಾಲ್ಕೈದು ಬಣ್ಣಗಳಿರುವ ಒಂದು ಮುಖ್ಯ ಬಟ್ಟೆಯನ್ನು ಮೊದಲು ಆರಿಸಿ. ಅದರ ತಳದ ಬಣ್ಣ ಗೋಡೆಗೆ, ಎಲೆಯ ಹಸಿರು ಕಪಾಟಿಗೋ ಮಂಚಕ್ಕೋ, ಎಲ್ಲಕ್ಕಿಂತ ಕಡಿಮೆ ಕಾಣುವ ಗಾಢ ಬಣ್ಣ ಒಂದು ದಿಂಬಿಗೋ ದೀಪದ ಶೇಡ್‌ಗೋ ಸಾಕು. ಬಟ್ಟೆಯ ತಳ ಕೆನೆಬಣ್ಣದ್ದಾಗಿದ್ದರೆ ಚಾವಣಿಗೂ ಕಿಟಕಿಯ ಚೌಕಟ್ಟಿಗೂ ಅಚ್ಚ ಬಿಳಿ ಬೇಡ. ಅದರ ಪಕ್ಕದಲ್ಲಿ ಕೆನೆ ಕೊಳೆಯಾದಂತೆ ಕಾಣುತ್ತದೆ.

ವಿನ್ಯಾಸಗಳನ್ನು ಬೆರೆಸುವಾಗ ಬಣ್ಣ ಒಂದೇ ಇರಲಿ, ಅಳತೆ ಬೇರೆಬೇರೆ ಇರಲಿ. 20–30 ಸೆಂ.ಮೀ. ಹರಡಿದ ದೊಡ್ಡ ಹೂಬಳ್ಳಿ ಒಂದು, 4–6 ಸೆಂ.ಮೀ. ಅಗಲದ ಪಟ್ಟೆ ಅಥವಾ ಚೌಕಳಿ ಒಂದು, 1–2 ಸೆಂ.ಮೀ.ನ ಪುಟ್ಟ ಹೂ ಅಥವಾ ಚುಕ್ಕಿ ಒಂದು. ಒಂದೇ ಗಾತ್ರದ ಎರಡು ಹೂವಿನ ಬಟ್ಟೆಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಕೋಣೆ ಗಿಜಿಗಿಜಿ ಅನ್ನಿಸುತ್ತದೆ. ದೊಡ್ಡ ವಿನ್ಯಾಸವನ್ನು ಚಪ್ಪಟೆಯಾಗಿ ಹರಡುವ ಜಾಗದಲ್ಲೇ ಬಳಸಿ: ಹಾಸಿಗೆಯ ಮೇಲುಹೊದಿಕೆ, ಮಂಚದ ತಲೆಹಲಗೆ. ನೆರಿಗೆ ಬೀಳುವ ಪರದೆಯಲ್ಲಿ ಅದೇ ಹೂವು ಮಡಿಕೆಗಳಲ್ಲಿ ತುಂಡುತುಂಡಾಗುತ್ತದೆ, ಅಲ್ಲಿಗೆ ಪಟ್ಟೆ ಅಥವಾ ಚೌಕಳಿ ಚೆನ್ನ. ಇಷ್ಟೆಲ್ಲದರ ನಡುವೆ ಮೂರನೇ ಒಂದು ಭಾಗದಷ್ಟಾದರೂ ವಿನ್ಯಾಸವೇ ಇಲ್ಲದೆ ಖಾಲಿ ಇರಬೇಕು.

ಕೊಳ್ಳುವ ಮೊದಲು ಬಟ್ಟೆಯ ತುಂಡುಗಳನ್ನು ಒಟ್ಟಿಗೆ ಹರಡಿ ಮೂರು ಮೀಟರ್ ದೂರದಿಂದ ನೋಡಿ. ತೀರಾ ಪುಟ್ಟ ವಿನ್ಯಾಸ ದೂರಕ್ಕೆ ಕಲೆತು ಒಂದೇ ಬಣ್ಣವಾದಂತೆ ಕಾಣುತ್ತದೆ. ಬಿಳಿಯ ಮೇಲಿನ ಕೆಂಪು ಚುಕ್ಕಿ ಕೈಯಲ್ಲಿ ಹಿಡಿದಾಗ ಕೆಂಪು, ಕೋಣೆಯ ಆ ತುದಿಯಿಂದ ಗುಲಾಬಿ. ಹೊಂದಿಸಬೇಕಾದದ್ದು ಆ ಗುಲಾಬಿಯನ್ನೇ.

ಇಳಿಜಾರು ಚಾವಣಿಯ ಕೋಣೆಗೆ ವಾಲ್‌ಪೇಪರ್ ಅಂಟಿಸುವುದಾದರೆ ಮೇಲು–ಕೆಳಗು ಎನ್ನುವ ದಿಕ್ಕಿಲ್ಲದ ಸಣ್ಣ ಹೂವಿನದನ್ನು ಆರಿಸಿ, ಇಳಿಜಾರಿನ ಮೇಲೂ ಮುಂದುವರಿಸಿ. ಆಗ ಗೋಡೆ ಎಲ್ಲಿ ಮುಗಿದು ಚಾವಣಿ ಎಲ್ಲಿ ಶುರುವಾಯಿತೆಂಬುದು ಎದ್ದು ಕಾಣುವುದಿಲ್ಲ. ಹಳೆಯ ಮನೆಯ ಗೋಡೆ ಸೊಟ್ಟಗಿದ್ದರೆ ಪಟ್ಟೆಯ ಕಾಗದ ಅದನ್ನು ಎತ್ತಿ ತೋರಿಸುತ್ತದೆ. ಮೊದಲ ಹಾಳೆಯನ್ನು ಮೂಲೆಗೆ ತಾಳೆ ಹಾಕಿ ಅಂಟಿಸಬೇಡಿ, ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ಎಳೆದ ನೇರ ಗೆರೆಗೆ ಅಂಟಿಸಿ.

ರೋಲ್ ಲೆಕ್ಕದಲ್ಲಿ ತಪ್ಪುವವರು ಬಹಳ. ಸಾಮಾನ್ಯ ರೋಲ್ 53 ಸೆಂ.ಮೀ. ಅಗಲ, 10.05 ಮೀ. ಉದ್ದ. ಗೋಡೆ 2.4 ಮೀ. ಎತ್ತರವಿದ್ದರೆ ಕತ್ತರಿಸಲು 10 ಸೆಂ.ಮೀ. ಸೇರಿ 2.5 ಮೀ., ಅಂದರೆ ಒಂದು ರೋಲ್‌ಗೆ ನಾಲ್ಕು ಹಾಳೆ. ಆದರೆ ವಿನ್ಯಾಸ 64 ಸೆಂ.ಮೀ.ಗೊಮ್ಮೆ ಮರುಕಳಿಸಿದರೆ ಹೂವು ಹೂವಿಗೆ ಕೂಡಲು ಪ್ರತಿ ಹಾಳೆಗೂ 64ರ ನಾಲ್ಕು ಪಟ್ಟು, ಅಂದರೆ 2.56 ಮೀ. ಬೇಕು, ಆಗ ಸಿಗುವುದು ಮೂರೇ. ಎಲ್ಲ ರೋಲ್‌ಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಸೇರುವಲ್ಲಿ ಛಾಯೆ ಬದಲಾದದ್ದು ಕಾಣುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಪ್ಲಾಸ್ಟಿಕ್ ಪದರದ ವಿನೈಲ್ ಕಾಗದವಾಗಲಿ ಪ್ಲಾಸ್ಟಿಕ್ ಪೇಂಟಾಗಲಿ ಬೇಡವೇ ಬೇಡ. ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ, ಪೇಂಟ್ ಗುಳ್ಳೆಯೆದ್ದು ಕಳಚುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ.

ಪೇಂಟ್ ಪರೀಕ್ಷೆಗೆ ದೊಡ್ಡ ರಟ್ಟಿನ ಮೇಲೆ ಎರಡು ಕೋಟ್ ಬಳಿದು, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ, ಬೇರೆಬೇರೆ ಗೋಡೆಗೆ ಒರಗಿಸಿ ನೋಡಿ. ನೇರ ಬಿಸಿಲು ಬೀಳದ ಕೋಣೆಯಲ್ಲಿ ಬೂದು, ತಿಳಿನೀಲಿ ಮಂಕಾಗುತ್ತವೆ. ಕೊಂಚ ಹಳದಿ ಅಥವಾ ಗುಲಾಬಿ ಬೆರೆತ ಬಣ್ಣ ಬೆಚ್ಚಗಿರುತ್ತದೆ. ಬಲ್ಬ್ 2700 ಕೆಲ್ವಿನ್‌ನದಿರಲಿ, ಅಂದರೆ ಹಳದಿ ಛಾಯೆಯ ಬೆಚ್ಚನೆ ಬೆಳಕಿನದು.

ಪರದೆಯ ಬಟ್ಟೆ ಅದನ್ನು ತೂಗುಹಾಕುವ ಸರಳಿನ ಅಗಲದ ಎರಡರಷ್ಟು ಬೇಕು, ತೆಳುವಾದದ್ದಾದರೆ ಎರಡೂವರೆಯಷ್ಟು. ಸರಳು ಕಿಟಕಿಯ ಆಚೀಚೆ 15–20 ಸೆಂ.ಮೀ. ಚಾಚಿರಲಿ, ಪರದೆ ಸರಿಸಿದಾಗ ಬೆಳಕಿಗೆ ಅಡ್ಡ ಬರುವುದಿಲ್ಲ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಒಣಗಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ಬಿಸಿಲಿಗೆ ಹೂವಿನ ಬಣ್ಣ ಬೇಗ ಮಾಸುತ್ತದೆ, ಹಾಗಾಗಿ ಪರದೆಗೆ ಲೈನಿಂಗ್ (ಹಿಂಬದಿಯ ಪದರ) ಹಾಕಿಸದೆ ಬಿಡಬೇಡಿ. ಮುಖ್ಯ ಬಟ್ಟೆಯನ್ನು ಅರ್ಧ ಮೀಟರ್ ಹೆಚ್ಚೇ ಕೊಂಡಿಡಿ. ಮುಂದೆ ತೇಪೆ ಹಾಕಬೇಕಾದರೆ ಅದೇ ವಿನ್ಯಾಸ ಅಂಗಡಿಯಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ.